ಪೈಥಾನ್‌ನ ಅರೇ ಸಿ ಕೈಗೆ ಹೋದಾಗ

ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಮ್ ನಿಧಾನವಾದರೆ ಬಹುತೇಕರು ಹಿಡಿಯುವ ದಾರಿ ಒಂದೇ. ಲೆಕ್ಕದ ಭಾರ ಎಲ್ಲಿದೆಯೋ ಅಷ್ಟನ್ನು ಮಾತ್ರ ಸಿ ಭಾಷೆಯಲ್ಲಿ ಬರೆದು, ಡೇಟಾ ತುಂಬಿದ ಅರೇಯನ್ನು, ಅಂದರೆ ಒಂದೇ ಬಗೆಯ ಸಂಖ್ಯೆಗಳ ಸಾಲನ್ನೋ ಕೋಷ್ಟಕವನ್ನೋ, ಅದರ ಕೈಗೆ ಕೊಡುವುದು. ನಾನು ಮೊದಲ ಸಲ ಹಾಗೆ ಮಾಡಿದಾಗ ಮುಂದಿದ್ದದ್ದು ಮಳೆ ಪ್ರಮಾಣದ ಕೋಷ್ಟಕ: ಅಡ್ಡಸಾಲಿಗೊಂದು ಊರು, ಕಂಬಸಾಲಿಗೊಂದು ತಿಂಗಳು. ಸಿ ಫಂಕ್ಷನ್ ಕೊಟ್ಟ ಒಟ್ಟು ಮೊತ್ತ ಪೈಥಾನ್‌ನ ಮೊತ್ತಕ್ಕೆ ಸರಿಯಾಗಿ ಹೊಂದಿತು. ನೆಮ್ಮದಿಯಾಯಿತು. ಮರುದಿನ ತಿಂಗಳವಾರು ಮೊತ್ತ ತೆಗೆದು ನೋಡಿದರೆ ಜನವರಿಯಲ್ಲೂ ಜುಲೈಯಷ್ಟೇ ಮಳೆ! ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಪ್ರೋಗ್ರಾಮ್ ನಡುವೆ ನಿಂತದ್ದೂ ಇಲ್ಲ. ಇಂಥ ತಪ್ಪು ಸದ್ದು ಮಾಡುವುದಿಲ್ಲ, ಹಾಗಾಗಿಯೇ ಇದನ್ನು ಬಿಡಿಸಿ ಹೇಳಬೇಕೆನಿಸುತ್ತದೆ.

ಕೈಯಲ್ಲಿ ಒಂದು ಪುಟ್ಟ ಕೋಷ್ಟಕ ಇಟ್ಟುಕೊಳ್ಳೋಣ. ಎರಡು ಅಡ್ಡಸಾಲು, ಮೂರು ಕಂಬಸಾಲು:

11 12 13
21 22 23

ಪ್ರತಿ ಸಂಖ್ಯೆಯಲ್ಲೂ ಅದು ಕೂರಬೇಕಾದ ಜಾಗ ಬರೆದಿದೆ. 23 ಎಂದರೆ ಎರಡನೇ ಅಡ್ಡಸಾಲು, ಮೂರನೇ ಕಂಬಸಾಲು. ಯಾರಾದರೂ ಜಾಗ ಬದಲಿಸಿದರೆ ಕಣ್ಣಿಗೆ ತಕ್ಷಣ ಬೀಳುತ್ತದೆ. ಈ ಕೋಷ್ಟಕವನ್ನೇ ಕೊನೆಯವರೆಗೂ ಬಳಸುತ್ತೇನೆ.

ದಾಟಿಹೋಗುವುದು ಏನು?

ಮೊದಲು ಒಂದು ಭ್ರಮೆ ಬಿಡಬೇಕು. ಪೈಥಾನ್‌ನಿಂದ ಸಿಗೆ ಅರೇ ಕಳಿಸುತ್ತೇವೆ ಎಂದು ಬಾಯಲ್ಲಿ ಹೇಳುತ್ತೇವೆ. ನಿಜಕ್ಕೂ ಕಳಿಸುವುದು ಅದರ ಆರಂಭದ ವಿಳಾಸವನ್ನು, ಅಂದರೆ ಪಾಯಿಂಟರನ್ನು. 64 ಬಿಟ್ ಕಂಪ್ಯೂಟರಿನಲ್ಲಿ ಅದು 8 ಬೈಟ್‌ಗಳ ಒಂದು ಸಂಖ್ಯೆ, ಅಷ್ಟೇ. ಆ ವಿಳಾಸದಲ್ಲಿ ಎಷ್ಟು ಸಂಖ್ಯೆಗಳಿವೆ, ಅವು ಪೂರ್ಣಾಂಕಗಳೋ ದಶಮಾಂಶಗಳೋ, ಯಾವ ಕ್ರಮದಲ್ಲಿ ಜೋಡಿಸಿವೆ, ಆ ಮೆಮೊರಿಯನ್ನು ಕೊನೆಗೆ ಬಿಡುಗಡೆ ಮಾಡುವ ಹೊಣೆ ಯಾರದು ಎಂಬ ಯಾವ ಸಂಗತಿಯೂ ಆ 8 ಬೈಟ್‌ಗಳಲ್ಲಿ ಇಲ್ಲ. ಬೆಂಗಳೂರಿನ ಯಾವುದೋ ಮನೆಯ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಆ ಮನೆಗೆ ಎಷ್ಟು ಕೋಣೆ ಎಂದು ಚೀಟಿ ನೋಡಿ ಹೇಳಲಾಗುತ್ತದೆಯೇ?

ಸಿ ಕಲಿಯುವವರಿಗೆ ಇಲ್ಲೊಂದು ಮೋಸದ ಮೂಲೆ ಇದೆ. ಫಂಕ್ಷನ್ ಬರೆಯುವಾಗ ಅದು ಪಡೆಯುವುದನ್ನು ಆವರಣ ಚಿಹ್ನೆ ಹಾಕಿ ಅರೇ ಎಂದೇ ಘೋಷಿಸಬಹುದು, ಆದರೆ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಅದನ್ನು ಪಾಯಿಂಟರ್ ಎಂದೇ ಓದಿಕೊಳ್ಳುತ್ತದೆ. ಫಂಕ್ಷನ್ ಒಳಗೆ ನಿಂತು ‘ಸೈಜ್‌ಆಫ್’ (ಗಾತ್ರ ಎಷ್ಟು) ಎಂದು ಕೇಳಿದರೆ ನಮ್ಮ ಆರು ಡಬಲ್‌ಗಳ, ಅಂದರೆ 64 ಬಿಟ್‌ನ ದಶಮಾಂಶ ಸಂಖ್ಯೆಗಳ, 48 ಬೈಟ್ ಬರುವುದಿಲ್ಲ, ಪಾಯಿಂಟರಿನ 8 ಬೈಟ್ ಬರುತ್ತದೆ. ಅದನ್ನು ಒಂದು ಡಬಲ್‌ನ ಗಾತ್ರವಾದ 8ರಿಂದ ಭಾಗಿಸಿದರೆ ಅರೇಯ ಉದ್ದ 1 ಎಂದು ಉತ್ತರ ಸಿಗುತ್ತದೆ. ಅದಕ್ಕೇ ಸಿ ಫಂಕ್ಷನ್‌ಗಳಿಗೆ ವಿಳಾಸದ ಜೊತೆ ಉದ್ದವನ್ನೂ ಪ್ರತ್ಯೇಕವಾಗಿ ಕೊಡುವ ರೂಢಿ. ಕೊಟ್ಟ ಉದ್ದ ತಪ್ಪಿದರೆ ಸಿ ತಡೆಯುವುದಿಲ್ಲ. ಆರರ ಜಾಗದಲ್ಲಿ ಏಳು ಎಂದರೆ ಏಳನೆಯದನ್ನೂ ಓದಿಬಿಡುತ್ತದೆ. ಅಲ್ಲಿ ಏನಿರುತ್ತದೋ ಅದೇ ಉತ್ತರದೊಳಗೆ ಸೇರಿಕೊಳ್ಳುತ್ತದೆ.

ಪೈಥಾನ್‌ನ ಸಾದಾ ಲಿಸ್ಟನ್ನು ಹೀಗೆ ಕೊಡಲಾಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಲಿಸ್ಟಿನೊಳಗೆ ಸಂಖ್ಯೆಗಳು ಸಾಲಾಗಿ ಕೂತಿರುವುದಿಲ್ಲ, ಅವುಗಳ ಪಾಯಿಂಟರ್‌ಗಳು ಕೂತಿರುತ್ತವೆ. ಪ್ರತಿ ದಶಮಾಂಶ ಸಂಖ್ಯೆಯೂ ಮೆಮೊರಿಯಲ್ಲಿ ಬೇರೆಲ್ಲೋ ಇರುವ, 64 ಬಿಟ್ ಸಿಪೈಥಾನ್‌ನಲ್ಲಿ (ಹೆಚ್ಚಿನವರು ಬಳಸುವ ಪೈಥಾನ್ ಇದೇ) 24 ಬೈಟ್ ಹಿಡಿಯುವ ಒಂದು ಆಬ್ಜೆಕ್ಟ್. ಸಿಗೆ ಬೇಕಾದದ್ದು ಸಂಖ್ಯೆಗೆ ಸಂಖ್ಯೆ ಅಂಟಿಕೊಂಡ ಸಾಲು. ಪೈಥಾನ್‌ನ ಲೆಕ್ಕದ ಲೈಬ್ರರಿಯಾದ ನಂಪೈ ತನ್ನ ಅರೇಯನ್ನು ಒಳಗೊಳಗೇ ಹಾಗೆ ಜೋಡಿಸಿಡುತ್ತದೆ. ಅದರ 1.0 ಆವೃತ್ತಿ ಬಂದದ್ದು 2006ರಲ್ಲಿ, ಟ್ರಾವಿಸ್ ಆಲಿಫಂಟ್ ಅವರ ಮುಂದಾಳತ್ವದಲ್ಲಿ. ಪೈಥಾನ್ ವಿಜ್ಞಾನಿಗಳ ಭಾಷೆಯಾಗಲು ಈ ಒಂದು ಜೋಡಣೆ ಎಷ್ಟು ದೊಡ್ಡ ಕಾರಣ ಎಂಬುದನ್ನು ನಾವು ಸಾಕಷ್ಟು ಸಲ ನೆನೆಯುವುದಿಲ್ಲ.

ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ

ಮೆಮೊರಿಗೆ ಅಡ್ಡಸಾಲೂ ಗೊತ್ತಿಲ್ಲ, ಕಂಬಸಾಲೂ ಗೊತ್ತಿಲ್ಲ. ಅದು ಒಂದೇ ಉದ್ದನೆಯ ಬೀದಿ, ಬೈಟಿಗೊಂದು ಮನೆ ನಂಬರು. ಕೋಷ್ಟಕವನ್ನು ಆ ಬೀದಿಯಲ್ಲಿ ಇಡಬೇಕಾದರೆ ಮೊದಲು ಸಾಲಾಗಿ ಬಿಡಿಸಬೇಕು. ಪತ್ರಿಕೆಯ ಪದಬಂಧದ ಸುಳಿವುಗಳನ್ನು ನೆನೆಸಿಕೊಳ್ಳಿ: ಒಂದು ಪಟ್ಟಿ ಎಡದಿಂದ ಬಲಕ್ಕೆ, ಇನ್ನೊಂದು ಮೇಲಿನಿಂದ ಕೆಳಕ್ಕೆ. ಸಿ ಮೊದಲನೆಯದನ್ನು ಆರಿಸಿಕೊಂಡಿತು:

11 12 13 21 22 23

ಸಿಗಿಂತ ಮೊದಲೇ ಹುಟ್ಟಿದ ಫೋರ್ಟ್ರಾನ್ ಭಾಷೆ ಎರಡನೆಯದನ್ನು ಆರಿಸಿಕೊಂಡಿತ್ತು. ಅದೇ ಕೋಷ್ಟಕ ಅಲ್ಲಿ ಹೀಗೆ ಕೂರುತ್ತದೆ:

11 21 12 22 13 23

ನಂಪೈ ಸಾಮಾನ್ಯವಾಗಿ ಸಿ ಕ್ರಮವನ್ನು ಅನುಸರಿಸುತ್ತದೆ, ಆದರೆ ಅದಕ್ಕೇ ಅಂಟಿಕೊಂಡಿಲ್ಲ. ಪ್ರತಿ ಅರೇಯ ಜೊತೆ ಅದು ‘ಸ್ಟ್ರೈಡ್’ ಎಂಬ ಲೆಕ್ಕ ಇಟ್ಟುಕೊಳ್ಳುತ್ತದೆ. ಕನ್ನಡದಲ್ಲಿ ಹೆಜ್ಜೆ ಎನ್ನಬಹುದು. ಮುಂದಿನ ಅಡ್ಡಸಾಲಿಗೆ ಹೋಗಲು ಎಷ್ಟು ಬೈಟ್ ದಾಟಬೇಕು, ಮುಂದಿನ ಕಂಬಸಾಲಿಗೆ ಎಷ್ಟು ಎಂಬುದೇ ಆ ಲೆಕ್ಕ. ನಮ್ಮ ಕೋಷ್ಟಕದಲ್ಲಿ ಒಂದು ಸಂಖ್ಯೆಗೆ 8 ಬೈಟ್, ಅಡ್ಡಸಾಲಿಗೆ ಮೂರು ಸಂಖ್ಯೆ. ಹಾಗಾಗಿ ಹೆಜ್ಜೆಗಳು 24 ಮತ್ತು 8. ಆರಂಭದ ವಿಳಾಸ 1000 ಎಂದುಕೊಂಡರೆ 23 ಎಲ್ಲಿದೆ? ಮೊದಲ ಅಡ್ಡಸಾಲಿನಿಂದ ಒಂದು ಹೆಜ್ಜೆ ಕೆಳಗೆ, ಮೊದಲ ಕಂಬಸಾಲಿನಿಂದ ಎರಡು ಹೆಜ್ಜೆ ಬಲಕ್ಕೆ: 1000 + 24 + 16, ಅಂದರೆ 1040.

ನನ್ನ ಮಳೆ ಕೋಷ್ಟಕ ಹಾಳಾದದ್ದು ಈ ಹೆಜ್ಜೆಯ ಲೆಕ್ಕದಲ್ಲೇ. ತಿಂಗಳುಗಳು ಅಡ್ಡಸಾಲಿಗೆ ಬರಲಿ ಎಂದು ಅರೇಯನ್ನು ಟ್ರಾನ್ಸ್‌ಪೋಸ್ ಮಾಡಿ, ಅಂದರೆ ಅಡ್ಡಸಾಲನ್ನು ಕಂಬಸಾಲಾಗಿ ತಿರುಗಿಸಿ, ಸಿಗೆ ಕೊಟ್ಟಿದ್ದೆ. ನಂಪೈಯಲ್ಲಿ ಟ್ರಾನ್ಸ್‌ಪೋಸ್ ಕ್ಷಣಮಾತ್ರದಲ್ಲಿ ಆಗುತ್ತದೆ, ಕೋಟಿ ಸಂಖ್ಯೆಗಳಿದ್ದರೂ ಸರಿ. ಕಾರಣ, ಅದು ಒಂದೇ ಒಂದು ಸಂಖ್ಯೆಯನ್ನೂ ಕದಲಿಸುವುದಿಲ್ಲ. ಹೆಜ್ಜೆಗಳನ್ನು ಅದಲುಬದಲು ಮಾಡಿ, 24 ಮತ್ತು 8 ಇದ್ದದ್ದನ್ನು 8 ಮತ್ತು 24 ಎಂದು ಬರೆದುಕೊಳ್ಳುತ್ತದೆ. ಪೈಥಾನ್‌ನಲ್ಲಿ ಪ್ರಿಂಟ್ ಮಾಡಿದರೆ ಕೋಷ್ಟಕ ತಿರುಗಿ ನಿಂತಂತೆ ಕಾಣುತ್ತದೆ:

11 21
12 22
13 23

ಸಿ ಕೈಗೆ ಹೋದದ್ದು ಬರೀ ವಿಳಾಸ. ಹೆಜ್ಜೆಯ ಲೆಕ್ಕ ಈಚೆ ದಡದಲ್ಲೇ ಉಳಿಯಿತು. ಮೂರು ಅಡ್ಡಸಾಲು, ಎರಡು ಕಂಬಸಾಲು ಎಂದು ನಾವು ಹೇಳಿದ್ದನ್ನು ನಂಬಿ ಸಿ ತನ್ನ ರೂಢಿಯಂತೆ ಬೀದಿಯುದ್ದಕ್ಕೂ ನಡೆಯುತ್ತದೆ. ಅದಕ್ಕೆ ಕಾಣುವುದು ಇದು:

11 12
13 21
22 23

ಆರೂ ಸಂಖ್ಯೆಗಳು ಇವೆ, ಆದ್ದರಿಂದ ಒಟ್ಟು ಮೊತ್ತ 102 ಸರಿಯಾಗಿಯೇ ಬರುತ್ತದೆ. ಗರಿಷ್ಠ, ಕನಿಷ್ಠ, ಸರಾಸರಿ ಎಲ್ಲವೂ ಸರಿ. ಅಡ್ಡಸಾಲಿನ ಮೊತ್ತ ಕೇಳಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಸರಾಸರಿ ಹೊಂದಿತು ಎಂದು ಪರೀಕ್ಷೆ ಮುಗಿಸುವ ಅಭ್ಯಾಸ ಎಷ್ಟು ಅಪಾಯಕಾರಿ ಎಂದು ನನಗೆ ಮನದಟ್ಟಾದದ್ದು ಆಗ.

ಒಂದೇ ಕಂಬಸಾಲನ್ನು ಕತ್ತರಿಸಿ ಕೊಟ್ಟರೂ ಇದೇ ಗತಿ. ಎರಡನೇ ಕಂಬಸಾಲು ಎಂದರೆ 12 ಮತ್ತು 22. ನಂಪೈ ಅದನ್ನು ‘1008ರಿಂದ ಶುರು, ಹೆಜ್ಜೆ 24’ ಎಂದು ಗುರುತಿಟ್ಟುಕೊಳ್ಳುತ್ತದೆ. ಸಿ 1008ಕ್ಕೆ ಹೋಗಿ, ಪಕ್ಕದ ಮನೆಯನ್ನೇ ಬಡಿದು, 12 ಮತ್ತು 13 ತಂದುಕೊಡುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಹೆಜ್ಜೆಗಳನ್ನೂ ಸಿ ಫಂಕ್ಷನ್‌ಗೆ ಕಳಿಸಿ, ಅದು ಆ ಲೆಕ್ಕದಲ್ಲೇ ನಡೆಯುವಂತೆ ಬರೆಯುವುದು ಒಂದು. ಕಳಿಸುವ ಮೊದಲು ನಂಪೈಯ ‘ಆಸ್‌ಕಂಟಿಗ್ಯುವಸ್‌ಅರೇ’ ಫಂಕ್ಷನ್ ಕರೆದು ಸಂಖ್ಯೆಗಳನ್ನು ಸಿ ಕ್ರಮದಲ್ಲಿ ಒತ್ತಾಗಿ ಜೋಡಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಸುಲಭ, ಆದರೆ ಅದರಲ್ಲೂ ಒಂದು ಗುಂಡಿ ಇದೆ. ಅರೇ ಮೊದಲೇ ಸರಿಯಾದ ಕ್ರಮದಲ್ಲಿದ್ದರೆ ಅದು ಅದನ್ನೇ ಹಿಂದಿರುಗಿಸುತ್ತದೆ, ಇಲ್ಲದಿದ್ದರೆ ಮಾತ್ರ ನಕಲು ಮಾಡುತ್ತದೆ. ಸಿ ಫಂಕ್ಷನ್ ಉತ್ತರವನ್ನು ಅದೇ ಅರೇಯೊಳಗೆ ಬರೆಯುವಂಥದ್ದಾದರೆ, ಕೆಲವೊಮ್ಮೆ ಮೂಲದಲ್ಲಿ ಬರೆಯುತ್ತದೆ, ಕೆಲವೊಮ್ಮೆ ನಕಲಿನಲ್ಲಿ. ನಕಲಿನಲ್ಲಿ ಬರೆದ ದಿನ ಮೂಲ ಅರೇ ಹಾಗೇ ಉಳಿಯುತ್ತದೆ. ‘ಫಂಕ್ಷನ್ ಕರೆದೆ, ಏನೂ ಆಗಲಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಉತ್ತರಕ್ಕೆಂದೇ ಬೇರೆ ಅರೇ ತೆಗೆದಿಡುವುದು ನನಗೆ ಹೆಚ್ಚು ನೆಮ್ಮದಿ ಕೊಟ್ಟ ಕ್ರಮ.

ಒಂದು ಎಂಬುದು 1.875 ಆದ ಬಗೆ

ಕ್ರಮ ಸರಿಯಿದ್ದರೂ ಸಂಖ್ಯೆಯ ಬಗೆ ತಪ್ಪಬಹುದು. 11, 12, 13 ಎಂಬ ಪೂರ್ಣಾಂಕಗಳನ್ನು ನಂಪೈ 64 ಬಿಟ್‌ಗಳಲ್ಲಿ ಇಟ್ಟಿದೆ ಎನ್ನಿ. ಸಿ ಫಂಕ್ಷನ್ ‘ಇಂಟ್’ ಎಂಬ ಪೂರ್ಣಾಂಕದ ಬಗೆ ಎಂದು ಬರೆದುಕೊಂಡಿದೆ, ಅದು ಇಂದಿನ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ 32 ಬಿಟ್. ಇಂಟೆಲ್ ಮಾದರಿಯ ಪ್ರೊಸೆಸರಿನಲ್ಲಿ ಸಣ್ಣ ಬೆಲೆಯ ಬೈಟ್‌ಗಳು ಮೊದಲು ಕೂರುವುದರಿಂದ ಸಿಗೆ ಸಿಗುವ ಮೊದಲ ಮೂರು ಸಂಖ್ಯೆಗಳು 11, 0, 12. ಸಂಖ್ಯೆಗಳ ನಡುವೆ ಸೊನ್ನೆಗಳು ನುಸುಳಿದ್ದನ್ನು ಕಂಡ ಕೂಡಲೇ ಕಾರಣ ಇದೇ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು.

ದಶಮಾಂಶ ಸಂಖ್ಯೆಗಳ ವಿಷಯ ಇನ್ನೂ ಕೆಟ್ಟದ್ದು. 64 ಬಿಟ್‌ನ 1.0 ಅನ್ನು 64 ಬಿಟ್ ಪೂರ್ಣಾಂಕ ಎಂದು ಓದಿದರೆ 4607182418800017408 ಬರುತ್ತದೆ. ಇಷ್ಟು ದೊಡ್ಡ ಸಂಖ್ಯೆಯನ್ನು ಯಾರೂ ನಂಬುವುದಿಲ್ಲ, ತಪ್ಪು ಸಿಕ್ಕಿಬೀಳುತ್ತದೆ. ಅದೇ 1.0 ಅನ್ನು 32 ಬಿಟ್‌ನ ಎರಡು ಫ್ಲೋಟ್‌ಗಳೆಂದು (ಚಿಕ್ಕ ದಶಮಾಂಶ ಸಂಖ್ಯೆಗಳೆಂದು) ಓದಿದರೆ 0 ಮತ್ತು 1.875 ಬರುತ್ತವೆ. ಮಳೆಯ ಲೆಕ್ಕದಲ್ಲಾಗಲಿ ಅಂಕಪಟ್ಟಿಯಲ್ಲಾಗಲಿ 1.875 ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣುವುದಿಲ್ಲ.

ಲಿನಕ್ಸ್‌ನಲ್ಲಿ ಸರಿಯಾಗಿದ್ದ ಕೋಡ್ ವಿಂಡೋಸ್‌ನಲ್ಲಿ ಕೆಡುವ ಒಂದು ಕಾರಣವೂ ಇಲ್ಲೇ ಇದೆ. 64 ಬಿಟ್ ಲಿನಕ್ಸ್‌ನಲ್ಲಿ ಸಿಯ ‘ಲಾಂಗ್’ ಎಂಬ ಪೂರ್ಣಾಂಕ 64 ಬಿಟ್, 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್. ನಂಪೈಯ ಪೂರ್ವನಿಯೋಜಿತ ಪೂರ್ಣಾಂಕ ಬಹುಕಾಲ ಇದನ್ನೇ ಹಿಂಬಾಲಿಸಿತ್ತು. 2024ರಲ್ಲಿ ಬಂದ ನಂಪೈ 2.0 ವಿಂಡೋಸ್‌ನಲ್ಲೂ ಅದನ್ನು 64 ಬಿಟ್‌ಗೆ ಬದಲಿಸಿತು. ಹಳೆಯ ನಂಪೈಗೆ ಹೊಂದುವಂತೆ ಬರೆದ ವಿಂಡೋಸ್ ಕೋಡ್ ಇದ್ದರೆ ಈ ಜಾಗವನ್ನು ಒಮ್ಮೆ ತೆರೆದು ನೋಡಿ. ಅರೇ ಮಾಡುವಾಗಲೇ 32 ಅಥವಾ 64 ಎಂದು ಬರೆದು, ಸಿ ಕಡೆಯಲ್ಲೂ ಅಗಲ ಹೆಸರಿನಲ್ಲೇ ಇರುವ ಬಗೆಗಳನ್ನು ಬಳಸಿದರೆ ಈ ಕಾಟವೇ ಇಲ್ಲ.

ಪೈಥಾನ್‌ನಿಂದ ಸಿ ಲೈಬ್ರರಿ ಕರೆಯಲು ‘ಸಿಟೈಪ್ಸ್’ ಬಳಸುವವರಿಗೆ ಒಂದು ಮಾತು. ಫಂಕ್ಷನ್ ಏನು ಹಿಂದಿರುಗಿಸುತ್ತದೆ ಎಂದು ನೀವು ಹೇಳದಿದ್ದರೆ ಅದು ‘ಇಂಟ್’ ಎಂದೇ ಭಾವಿಸುತ್ತದೆ. ಫಂಕ್ಷನ್ ಹಿಂದಿರುಗಿಸಿದ್ದು 64 ಬಿಟ್ ಪಾಯಿಂಟರ್ ಆಗಿದ್ದರೆ ಅರ್ಧ ವಿಳಾಸ ಕತ್ತರಿಸಿಹೋಗುತ್ತದೆ. ಉಳಿದರ್ಧ ಹಿಡಿದು ಮೆಮೊರಿಗೆ ಹೋದರೆ ಪ್ರೋಗ್ರಾಮ್ ಅಲ್ಲೇ ಬಿದ್ದುಹೋಗಬಹುದು. ನಂಪೈ ಜೊತೆಯಲ್ಲೇ ಬರುವ ‘ಎನ್‌ಡಿಪಾಯಿಂಟರ್’ ಬಳಸಿ ಬಗೆ, ಆಯಾಮ, ಕ್ರಮ ಮೂರನ್ನೂ ಮೊದಲೇ ಘೋಷಿಸಿಟ್ಟರೆ ತಪ್ಪು ಅರೇ ಬಂದ ಕೂಡಲೇ ಪೈಥಾನ್ ದಡದಲ್ಲೇ ಎರರ್ ಬರುತ್ತದೆ. ನನ್ನ ಟ್ರಾನ್ಸ್‌ಪೋಸ್ ಆದ ಮಳೆ ಕೋಷ್ಟಕ ಈ ಒಂದು ಸಾಲಿನಿಂದ ಬಾಗಿಲಲ್ಲೇ ನಿಲ್ಲುತ್ತಿತ್ತು.

ಫೋರ್ಟ್ರಾನ್ ಮನೆಗೆ ಹೋಗುವಾಗ

ಜಾನ್ ಬ್ಯಾಕಸ್ ಅವರ ತಂಡ ಐಬಿಎಂ 704 ಯಂತ್ರಕ್ಕಾಗಿ ಫೋರ್ಟ್ರಾನನ್ನು 1957ರಲ್ಲಿ ಹೊರತಂದಿತು. ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಕಟ್ಟಿದ್ದು 1970ರ ದಶಕದ ಆರಂಭದಲ್ಲಿ. ಹಳೆಯದಾಯಿತೆಂದು ಫೋರ್ಟ್ರಾನನ್ನು ಬದಿಗಿಡಲಾಗದು. ಸಮೀಕರಣ ಬಿಡಿಸುವ, ಮ್ಯಾಟ್ರಿಕ್ಸ್ ಒಡೆಯುವ ಕೆಲಸಕ್ಕೆ ಜಗತ್ತೆಲ್ಲ ನೆಚ್ಚಿಕೊಂಡಿರುವ ಲಾಪ್ಯಾಕ್ ಲೈಬ್ರರಿ ಬರೆದಿರುವುದು ಫೋರ್ಟ್ರಾನ್‌ನಲ್ಲಿ, ನಂಪೈ ಕೂಡ ಸಮೀಕರಣ ಬಿಡಿಸಲು ಅದರ ಬಾಗಿಲನ್ನೇ ತಟ್ಟುತ್ತದೆ. ಮ್ಯಾಟ್‌ಲ್ಯಾಬ್, ಆರ್, ಜೂಲಿಯಾ ಮೂರೂ ಭಾಷೆಗಳು ಮೇಲಿನಿಂದ ಕೆಳಕ್ಕೆ ಇಡುವ ಕ್ರಮವನ್ನೇ ಉಳಿಸಿಕೊಂಡಿವೆ. ಎಣಿಕೆಯನ್ನೂ ಅವು 1ರಿಂದ ಶುರು ಮಾಡುತ್ತವೆ.

ನಮ್ಮ ಕೋಷ್ಟಕವನ್ನು ಸಿ ಕ್ರಮದಲ್ಲೇ ಫೋರ್ಟ್ರಾನ್‌ಗೆ ಕೊಟ್ಟು ‘ಎರಡು ಅಡ್ಡಸಾಲು, ಮೂರು ಕಂಬಸಾಲು’ ಎಂದರೆ ಅದಕ್ಕೆ ಕಾಣುವುದು ಹೀಗೆ:

11 13 22
12 21 23

ಕಲಸುಮೇಲೋಗರ. ಅದನ್ನೇ ‘ಮೂರು ಅಡ್ಡಸಾಲು, ಎರಡು ಕಂಬಸಾಲು’ ಎಂದು ಹೇಳಿ ಕೊಟ್ಟು ನೋಡಿ. ಮೊದಲ ಕಂಬಸಾಲಿಗೆ 11, 12, 13 ಇಳಿಯುತ್ತವೆ, ಎರಡನೆಯದಕ್ಕೆ 21, 22, 23. ಅಂದರೆ ಟ್ರಾನ್ಸ್‌ಪೋಸ್ ಆದ ಕೋಷ್ಟಕ, ಒಂದು ಬೈಟನ್ನೂ ಕದಲಿಸದೆ. ಇದರಿಂದ ಒಂದು ಸೊಗಸಾದ ಉಪಾಯ ಹುಟ್ಟುತ್ತದೆ. ಸಿ ಕ್ರಮದ ಎರಡು ಮ್ಯಾಟ್ರಿಕ್ಸ್‌ಗಳನ್ನು ಫೋರ್ಟ್ರಾನ್ ಲೈಬ್ರರಿಯಿಂದ ಗುಣಿಸಬೇಕಾದಾಗ ಎರಡನೆಯದನ್ನು ಮೊದಲು, ಮೊದಲನೆಯದನ್ನು ಆಮೇಲೆ ಕೊಡುತ್ತಾರೆ. ಗುಣಲಬ್ಧದ ಟ್ರಾನ್ಸ್‌ಪೋಸ್ ಎಂದರೆ ಟ್ರಾನ್ಸ್‌ಪೋಸ್‌ಗಳನ್ನು ತಿರುವುಮುರುವಾಗಿ ಗುಣಿಸಿದ್ದು ಎಂದು ಕಾಲೇಜಿನಲ್ಲಿ ಕಲಿತ ಸೂತ್ರ ಇದೆಯಲ್ಲ, ಅದೇ ಇಲ್ಲಿ ಕೆಲಸ ಮಾಡುತ್ತದೆ. ಫೋರ್ಟ್ರಾನ್ ತನ್ನ ಕ್ರಮದಲ್ಲಿ ಬರೆದ ಉತ್ತರವನ್ನು ಸಿ ತನ್ನ ಕ್ರಮದಲ್ಲಿ ಓದಿದಾಗ ಬೇಕಾದ ಗುಣಲಬ್ಧವೇ ಕಾಣುತ್ತದೆ. ನಕಲು ಇಲ್ಲ, ಟ್ರಾನ್ಸ್‌ಪೋಸ್ ಇಲ್ಲ. ಮೊದಲ ಸಲ ಇದನ್ನು ಕಾಗದದ ಮೇಲೆ ಬಿಡಿಸಿ ನೋಡಿದಾಗ ಆದ ಸಂತೋಷ ನನಗಿನ್ನೂ ಹಸಿಯಾಗಿದೆ.

ಫೋರ್ಟ್ರಾನ್‌ನ ಇನ್ನೊಂದು ಪದ್ಧತಿ: ಅದು ಸಾಮಾನ್ಯವಾಗಿ ಎಲ್ಲವನ್ನೂ ವಿಳಾಸವಾಗಿಯೇ ಕೇಳುತ್ತದೆ. ಉದ್ದ 6 ಎಂಬ ಒಂದೇ ಸಂಖ್ಯೆ ಕೊಡಬೇಕಿದ್ದರೂ ಆ 6 ಇರುವ ಜಾಗದ ವಿಳಾಸ ಕೊಡಬೇಕು. ಫೋರ್ಟ್ರಾನ್ 2003ರಿಂದ ಸಿ ಜೊತೆಗಿನ ವ್ಯವಹಾರಕ್ಕೆಂದೇ ಭಾಷೆಯಲ್ಲಿ ವ್ಯವಸ್ಥೆ ಬಂದು ಈ ತೊಡಕು ಬಹಳ ಕಡಿಮೆಯಾಗಿದೆ.

ಕ್ರಮಕ್ಕೆ ವೇಗದ ಮುಖವೂ ಇದೆ. ಪ್ರೊಸೆಸರ್ ಮೆಮೊರಿಯಿಂದ ಒಂದೊಂದೇ ಸಂಖ್ಯೆ ತರುವುದಿಲ್ಲ. ಇಂಟೆಲ್ ಮಾದರಿಯಲ್ಲಿ ಒಂದು ಸಲಕ್ಕೆ 64 ಬೈಟ್, ಅಂದರೆ ಎಂಟು ಡಬಲ್‌ಗಳನ್ನು ತರುತ್ತದೆ. ಬೀದಿಯುದ್ದಕ್ಕೆ ನಡೆದರೆ ಎಂಟೂ ಉಪಯೋಗಕ್ಕೆ ಬರುತ್ತವೆ. ದೊಡ್ಡ ಕೋಷ್ಟಕದಲ್ಲಿ ಅಡ್ಡ ಹಾರುತ್ತಾ ಹೋದರೆ ಒಂದನ್ನು ಬಳಸಿ ಏಳನ್ನು ಬಿಸಾಡಿದಂತೆ.

ಮೆಮೊರಿ ಯಾರದು?

ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಈ ಪ್ರಶ್ನೆಗೆ. ಪೈಥಾನ್‌ನಲ್ಲಿ ಒಂದು ಆಬ್ಜೆಕ್ಟನ್ನು ಯಾರೂ ಹಿಡಿದಿಲ್ಲ ಎಂದಾದರೆ ಅದರ ಮೆಮೊರಿ ಬಿಡುಗಡೆಯಾಗುತ್ತದೆ. ಎರಡು ಅರೇಗಳನ್ನು ಕೂಡಿಸಿ, ಬಂದ ಮೊತ್ತದ ಅರೇಗೆ ಹೆಸರು ಕೊಡದೆ, ಅದರ ವಿಳಾಸವನ್ನಷ್ಟೇ ತೆಗೆದಿಟ್ಟುಕೊಂಡರೆ ಏನಾಗುತ್ತದೆ? ಆ ಸಾಲು ಮುಗಿಯುವಷ್ಟರಲ್ಲಿ ಅರೇ ಇಲ್ಲವಾಗಿರುತ್ತದೆ, ಕೈಯಲ್ಲಿ ಕೆಡವಿದ ಮನೆಯ ವಿಳಾಸ ಉಳಿದಿರುತ್ತದೆ. ಸಿ ಅಲ್ಲಿಗೆ ಹೋದಾಗ ಕೆಲವೊಮ್ಮೆ ಹಳೆಯ ಸಂಖ್ಯೆಗಳೇ ಇನ್ನೂ ಇರುತ್ತವೆ. ಟೆಸ್ಟ್ ಪಾಸಾಗುತ್ತದೆ. ಇನ್ನೊಂದು ದಿನ ಬೇರೆಯವರು ಆ ಜಾಗದಲ್ಲಿ ಸಂಸಾರ ಹೂಡಿರುತ್ತಾರೆ. ಸಿ ಕೆಲಸ ಮುಗಿಸುವವರೆಗೂ ಅರೇಯನ್ನು ಒಂದು ಹೆಸರಿಗೆ ಕಟ್ಟಿಡಬೇಕು. ಸಿ ಲೈಬ್ರರಿ ಆ ಪಾಯಿಂಟರನ್ನು ಮುಂದಿನ ಕರೆಗೆಂದು ತನ್ನಲ್ಲೇ ಇಟ್ಟುಕೊಳ್ಳುವಂಥದ್ದಾದರೆ ಅಲ್ಲಿಯವರೆಗೂ.

ಎದುರು ದಿಕ್ಕಿನಲ್ಲಿ, ಸಿ ತಾನೇ ಮೆಮೊರಿ ಪಡೆದು ಅರೇ ತುಂಬಿ ಕೊಟ್ಟರೆ ಪೈಥಾನ್ ಅದನ್ನು ತಾನಾಗಿ ಬಿಡುಗಡೆ ಮಾಡುವುದಿಲ್ಲ. ಕೊಟ್ಟ ಲೈಬ್ರರಿಯೇ ಬಿಡುಗಡೆಯ ಫಂಕ್ಷನ್ನನ್ನೂ ಕೊಡಬೇಕು, ಅದನ್ನೇ ಕರೆಯಬೇಕು. ಇನ್ನೊಂದು ಲೈಬ್ರರಿಯ ಬಿಡುಗಡೆ ಫಂಕ್ಷನ್ ಕರೆದರೆ, ಅದರಲ್ಲೂ ವಿಂಡೋಸ್‌ನಲ್ಲಿ, ಪ್ರೋಗ್ರಾಮ್ ಕುಸಿಯಬಹುದು.

ಜಾವಾದ ಕಥೆ ಬೇರೆ. ಅಲ್ಲಿ ಬಳಕೆಯಲ್ಲಿಲ್ಲದ ಮೆಮೊರಿಯನ್ನು ತಾನೇ ಬಿಡಿಸುವ ಗಾರ್ಬೇಜ್ ಕಲೆಕ್ಟರ್ ಅರೇಯನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಸರಿಸಬಹುದು, ಹಾಗಾಗಿ ಸಿಗೆ ನೇರ ವಿಳಾಸ ಕೊಡುವುದು ಸುಲಭವಲ್ಲ. ಜಾವಾ ಮತ್ತು ಸಿ ನಡುವಿನ ಸಂಪರ್ಕ ವ್ಯವಸ್ಥೆಯಾದ ಜೆಎನ್ಐಯಲ್ಲಿ ಅರೇಯ ಅಂಶಗಳನ್ನು ಪಡೆಯಲು ಒಂದು ಕರೆ, ಹಿಂದಿರುಗಿಸಲು ಇನ್ನೊಂದು ಕರೆ ಇವೆ. ಪಡೆದದ್ದು ಮೂಲವೂ ಆಗಿರಬಹುದು, ನಕಲೂ ಆಗಿರಬಹುದು. ನಕಲಾಗಿದ್ದರೆ, ಹಿಂದಿರುಗಿಸುವ ಕರೆ ಮಾಡುವವರೆಗೂ ಸಿ ಬರೆದದ್ದು ಜಾವಾಕ್ಕೆ ಕಾಣಿಸದು. ಜಾವಾದ ಎರಡು ಆಯಾಮದ ಅರೇ ಒಂದೇ ತುಂಡು ಮೆಮೊರಿಯೂ ಅಲ್ಲ, ಅಡ್ಡಸಾಲಿಗೊಂದು ಬೇರೆ ಅರೇ. 2024ರ ಮಾರ್ಚ್‌ನಲ್ಲಿ ಬಂದ ಜಾವಾ 22ರಲ್ಲಿ ಹೊರಗಿನ ಮೆಮೊರಿಯನ್ನು ನೇರವಾಗಿ ನಿಭಾಯಿಸುವ ಹೊಸ ಎಪಿಐ (ಫಂಕ್ಷನ್‌ಗಳ ಕಟ್ಟು) ಅಂತಿಮಗೊಂಡಿತು. ಹೊಸದಾಗಿ ಬರೆಯುವವರು ಅಲ್ಲಿಂದ ಶುರು ಮಾಡುವುದು ಒಳಿತು.

ವಿಳಾಸದ ಜೊತೆ ವಿವರವನ್ನೂ ಕಳಿಸಿದರೆ ಈ ಗೋಜಲಿನ ಬಹುಪಾಲು ಕರಗುತ್ತದಲ್ಲವೇ? ಪೈಥಾನ್‌ನ ಬಫರ್ ಪ್ರೋಟೋಕಾಲ್ ಮಾಡುವುದು ಅದನ್ನೇ. ಆರಂಭದ ವಿಳಾಸ, ಒಟ್ಟು ಉದ್ದ, ಒಂದು ಅಂಶದ ಗಾತ್ರ, ಬಗೆ, ಆಯಾಮಗಳು, ಹೆಜ್ಜೆಗಳು, ಬರೆಯಬಹುದೋ ಓದಲು ಮಾತ್ರವೋ ಎಂಬುದು, ಇವೆಲ್ಲ ಒಂದೇ ಕಟ್ಟಿನಲ್ಲಿ ಹೋಗುತ್ತವೆ. ಆ ಕಟ್ಟನ್ನು ಯಾರಾದರೂ ಹಿಡಿದಿರುವಾಗ ಪೈಥಾನ್‌ನ ಬೈಟ್‌ಅರೇಯನ್ನು (ಉದ್ದ ಬದಲಿಸಬಲ್ಲ ಬೈಟ್‌ಗಳ ಸಾಲನ್ನು) ಹಿಗ್ಗಿಸಲು ಹೋದರೆ ಎರರ್ ಬರುತ್ತದೆ, ಹಾಗಾಗಿ ಹಿಡಿದವರ ಕಾಲಕೆಳಗಿನ ನೆಲ ಕುಸಿಯುವುದಿಲ್ಲ. 2016ರಲ್ಲಿ ಆರಂಭವಾದ ಅಪಾಚೆ ಆರೋ ಯೋಜನೆ ಇದೇ ಯೋಚನೆಯನ್ನು ಕೋಷ್ಟಕಗಳಿಗೆ ಹಿಗ್ಗಿಸಿ, ಪೈಥಾನ್, ಆರ್, ಜಾವಾ, ಸಿ++ ಎಲ್ಲವೂ ಒಂದೇ ಜೋಡಣೆಯನ್ನು ಓದುವಂತೆ ಮಾಡಿದೆ. ಮೌಲ್ಯವಿಲ್ಲದ ಜಾಗಗಳನ್ನೂ ಅದು ಪ್ರತ್ಯೇಕ ಬಿಟ್‌ಗಳಲ್ಲಿ ಗುರುತಿಸುತ್ತದೆ. ಆರ್ ಭಾಷೆಯ ಪೂರ್ಣಾಂಕ ಅರೇಯಲ್ಲಾದರೆ ಖಾಲಿ ಜಾಗ ಎಂದರೆ −2147483648 ಎಂಬ ಸಂಖ್ಯೆಯೇ. ಗೊತ್ತಿಲ್ಲದ ಸಿ ಫಂಕ್ಷನ್ ಅದನ್ನೂ ಸೇರಿಸಿ ಕೂಡಿಬಿಡುತ್ತದೆ.

ಎಷ್ಟೇ ಒಳ್ಳೆಯ ಸಲಕರಣೆ ಇದ್ದರೂ ಹೊಸ ಸೇತುವೆ ಕಟ್ಟಿದ ದಿನ ನಾನು ಮೊದಲು ದಾಟಿಸುವುದು ಆ ಆರು ಸಂಖ್ಯೆಗಳ ಕೋಷ್ಟಕವನ್ನೇ. ಚೌಕಾಕಾರದ್ದಲ್ಲ, ಎರಡಕ್ಕೆ ಮೂರು. ಎರಡಕ್ಕೆ ಎರಡಾದರೆ ಆಯಾಮ ಅದಲುಬದಲಾದದ್ದು ಗೊತ್ತೇ ಆಗುವುದಿಲ್ಲ. ಎಲ್ಲ ಅಂಶವೂ 1 ಆಗಿದ್ದರೆ ಯಾವ ಜಾಗ ಬದಲಾದರೂ ಉತ್ತರ ಒಂದೇ. ಸಿ ಫಂಕ್ಷನ್ ಒಳಗೆ ನಿಂತು ಪ್ರತಿ ಅಂಶವನ್ನೂ ಅದರ ಅಡ್ಡಸಾಲು, ಕಂಬಸಾಲಿನ ಜೊತೆ ಪ್ರಿಂಟ್ ಮಾಡುತ್ತೇನೆ. ಎರಡನೇ ಅಡ್ಡಸಾಲು, ಮೂರನೇ ಕಂಬಸಾಲಿನ ಎದುರು 23 ಬಂದಿದೆಯೇ ಎಂದು ನೋಡುತ್ತೇನೆ. ಆಮೇಲೆ ಅದನ್ನೇ ಟ್ರಾನ್ಸ್‌ಪೋಸ್ ಮಾಡಿ ಒಮ್ಮೆ, ನಡುವಿನ ಕಂಬಸಾಲನ್ನಷ್ಟೇ ಕತ್ತರಿಸಿ ಇನ್ನೊಮ್ಮೆ ಕಳಿಸುತ್ತೇನೆ. ಮೂರು ಸಲವೂ ಸರಿ ಬಂದ ಮೇಲೆ ಮಳೆಯ ಕೋಷ್ಟಕವನ್ನು ತೆರೆಯುತ್ತೇನೆ.